ಖಾನಾಪುರದ ನಾವೆಗೆ ನಾನು ಎಳೆದ ಗೆರೆ

ಸುತ್ತೋಲೆ ನಮ್ಮ ಕಚೇರಿಗೆ ಬಂದಾಗ ಬೇಸಗೆ ಅರ್ಧ ಮುಗಿದಿತ್ತು. ಬೆಳಗಾವಿಯಲ್ಲಿ ಆ ದೊಡ್ಡ ಅಧಿವೇಶನ ನಡೆದು ಎರಡು ವರ್ಷವಾಗಿದ್ದಿರಬೇಕು. ಹಿಂದಿನ ಮಳೆಗಾಲದಲ್ಲಿ ಬೇರೆ ಯಾವುದೋ ತಾಲೂಕಿನ ಬಾಡಿಗೆ ನಾವೆ ಮುಳುಗಿ ಜನ ಸತ್ತಿದ್ದರು. ಅದರ ಕಾಗದ ಹತ್ತು ಮೇಜು ಸುತ್ತಿ, ಕೊನೆಗೆ ಹನ್ನೊಂದು ಕಲಮುಗಳ ಇಂಗ್ಲಿಷ್ ಸುತ್ತೋಲೆಯಾಗಿ ನನ್ನ ಮುಂದೆ ಬಂದು ಬಿತ್ತು. ಗುತ್ತಿಗೆಗೆ ಕೊಟ್ಟ, ಹೊಳೆ ದಾಟುವ ಪ್ರತಿ ಘಾಟಿನ ನಾವೆಯನ್ನೂ ಮಳೆ ಹಿಡಿಯುವ ಮೊದಲು ಓವರ್‌ಸಿಯರ್ ಅಳೆಯಬೇಕು. ನಾವೆಯ ಅಂಚಿನಿಂದ ಒಂಬತ್ತು ಇಂಚು ಕೆಳಗೆ ಬಿಳಿ ಬಣ್ಣದಿಂದ ಭಾರದ ಗೆರೆ ಎಳೆಯಬೇಕು. ಎಷ್ಟು ಜನ ಹಿಡಿಯುತ್ತಾರೆಂದು ಫಲಕ ಹಚ್ಚಬೇಕು. ಹಗ್ಗ, ಲಂಗರು, ತೇಲುಪಟ್ಟಿ ಇವೆಯೇ ನೋಡಬೇಕು. ಖಾನಾಪುರದಿಂದ ನಾಲ್ಕು ಮೈಲಿ ಕೆಳಗಿನ ಮಲಪ್ರಭೆಯ ಘಾಟು ನನ್ನ ಪಾಲಿಗೆ ಬಂತು. ಆಗ ನನಗೆ ಮೂವತ್ತೆರಡು ವರ್ಷ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಳತೆಯ ಟೇಪು ಕೈಯಲ್ಲಿದ್ದರೆ ಜಗತ್ತಿನಲ್ಲಿ ಯಾರ ಮಾತನ್ನೂ ಕೇಳಬೇಕಾಗಿಲ್ಲ ಎಂದು ತಿಳಿದಿದ್ದೆ.

ಮೊದಲ ತೊಡಕು ತೇಲುಪಟ್ಟಿಯದು. ಬೆಂಡು ತುಂಬಿದ ಪಟ್ಟಿ, ನೀರಿಗೆ ಬಿದ್ದವನು ಎದೆಗೆ ಕಟ್ಟಿಕೊಳ್ಳುವಂಥದ್ದು, ನಾವೆಗೆ ಎಂಟು ಇರಬೇಕಂತೆ. ಖಾಸಬಾಗದ ನನ್ನ ಮನೆಯಿಂದ ಹೊರಟು ಕ್ಯಾಂಪಿನ ತನಕ ಒಂದೂ ಅಂಗಡಿ ಬಿಡದೆ ಕೇಳಿದೆ. ಕೊನೆಯ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಾಹೇಬ್ರ, ಬೆಳಗಾವ್ಯಾಗ ಮುಳಗಾಕ ನೀರರೆ ಎಲ್ಲೈತ್ರಿ? ಮುಂಬೈಗಿ ಬರೀರಿ” ಎಂದ. ಮುಂಬಯಿಗೆ ಬರೆದು ಅದು ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ನಮ್ಮ ಕಡೆ ಹೊಳೆಯ ದಂಡೆಯ ಮಂದಿ ಈಜು ಕಲಿಯುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಾರೆ. ಅದನ್ನೇ ಬರೆದೆ: ತೇಲುಪಟ್ಟಿಯ ಬದಲು ಒಣಗಿದ ಸೋರೆಬುರುಡೆ, ಹುರಿ ಸಮೇತ, ಎಂಟು.

ಹೆಡ್ ಕ್ಲಾರ್ಕರು ಅದನ್ನು ಓದಿ ಕನ್ನಡಕ ತೆಗೆದು ನಕ್ಕರು. “ಬರೀರಿ, ಬರೀರಿ. ಓವರಸೇರರ ಮನ್ಯಾಗ ಪಲ್ಯಾಕ ಏನೂ ಇದ್ದಿಲ್ಲಂತ ತಿಳಕೋತಾರ ಮ್ಯಾಲಿನವರು.” ಆದರೆ ಎಂಜಿನಿಯರ್ ಸಾಹೇಬರು ಕೂಡಲೇ ಸಹಿ ಹಾಕಿದರು. ಆ ಸಹಿಯಿಂದ ನನಗೆ ಕೋಡು ಬಂದಂತಾಯಿತು.

ಮರುದಿನ ಬೆಳಗಿನ ರೈಲಿನಲ್ಲಿ ಖಾನಾಪುರಕ್ಕೆ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಘಾಟಿಗೆ ಹೋದೆ. ನಾವೆ ಆಚೆ ದಂಡೆಯಲ್ಲಿತ್ತು. ಇಪ್ಪತ್ತೆರಡು ಫೂಟು ಉದ್ದ, ಐದು ಫೂಟು ಅಗಲ, ಲೋಂಡಾ ಕಡೆಯ ಕಾಡಿನ ಮತ್ತಿಮರದ ಹಲಗೆ. ಅದನ್ನು ನಡೆಸುತ್ತಿದ್ದ ಅಂಬಿಗರಿಗೆ ಐವತ್ತೈದರ ಮೇಲೆ ವಯಸ್ಸು. ಗುತ್ತಿಗೆದಾರ ಖಾನಾಪುರದ ಪೇಟೆಯಲ್ಲಿರುತ್ತಿದ್ದ, ಘಾಟಿನಲ್ಲಿ ಕಾಸು ವಸೂಲಿಗೆ ಅವನ ಮುನಷಿಯೊಬ್ಬ ಕೂತಿರುತ್ತಿದ್ದ. ಹೊಳೆಯ ಮೇಲೆ ಮಾತ್ರ ಈ ಅಂಬಿಗರದೇ ಮಾತು. ಎರಡೂ ದಂಡೆಯವರು ಅವರನ್ನು ಕಾಕಾ ಎನ್ನುತ್ತಿದ್ದರು. ನಾನು “ಏ ಅಂಬಿಗಾ, ನಾವಿ ಈ ಕಡೆ ತಗೋ” ಎಂದು ಕೂಗಿದೆ.

ಅವರು ಜನ ಹತ್ತಿಸಿಕೊಳ್ಳುವುದನ್ನು ಅಂದೇ ಮೊದಲು ನೋಡಿದೆ. ಹಿಂಬದಿಯ ಹಲಗೆಯ ಮೇಲೆ ಒಂದು ಕಾಲು ಊರಿ, ಗಳವನ್ನು ನೆಲಕ್ಕೆ ನಾಟಿ ನಿಲ್ಲುತ್ತಿದ್ದರು. ಯಾರನ್ನೂ ಎಣಿಸುತ್ತಿರಲಿಲ್ಲ, ನೀರಿನ ಕಡೆ ನೋಡುತ್ತಲೂ ಇರಲಿಲ್ಲ. ಒಬ್ಬೊಬ್ಬರು ಹತ್ತಿದಂತೆ ಅಂಗಾಲಿನ ಕೆಳಗೆ ಹಲಗೆ ಹೇಗೆ ಅಲುಗುತ್ತದೆ ಎಂಬುದರ ಮೇಲೆಯೇ ಅವರ ಧ್ಯಾನ. ಒಂದು ಗಳಿಗೆಗೆ “ಸಾಕು” ಎಂದರು. ಅಷ್ಟೇ. ಹತ್ತಲು ಕಾಲೆತ್ತಿದ್ದ ಬಳೆಗಾರ ಹೆಂಗಸು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಕಾಕಾ ಸೊಂಟದ ಚಂಚಿಯಿಂದ ಎಲೆ ಅಡಿಕೆ ತೆಗೆದು ಅವಳ ಕೈಗೆ ಕೊಟ್ಟರು. ಆ ಘಾಟಿನ ರಿವಾಜು ಅದು: “ಸಾಕು” ಎನಿಸಿಕೊಂಡು ದಂಡೆಯಲ್ಲಿ ಉಳಿದವರಿಗೆ ಅಂಬಿಗನ ಕೈಯ ಎಲೆ, ಮುಂದಿನ ಸರದಿಯಲ್ಲಿ ಮೊದಲ ಜಾಗ. ಪಾಟೀಲನೇ ಇರಲಿ, ಪೋಲೀಸನೇ ಇರಲಿ, ಎಲೆ ಕೈಗೆ ಬಂದ ಮೇಲೆ ಚಕಾರ ಎತ್ತುವಂತಿರಲಿಲ್ಲ.

ಬಳೆಗಾರ್ತಿ ನನ್ನನ್ನು ನೋಡಿ ನಕ್ಕಳು. “ನೋಡ್ರಿ ಸಾಬ್, ಇವನ ಕೈ ಎಲಿ ತಿನ್ನಾಕಂತನ ನಾ ತಡಾ ಮಾಡಿ ಬರತೀನಿ.”

ನನಗೆ ಇದೆಲ್ಲ ಮೋಜಿನ ಆಟದಂತೆ ಕಂಡಿತು. ಅಂಗಾಲಿನಿಂದ ಭಾರ ಅಳೆಯುವುದಂತೆ! ಟಿಪ್ಪಣಿ ಪುಸ್ತಕದಲ್ಲಿ “ಭಾರದ ಬಗ್ಗೆ ಯಾವುದೇ ಕ್ರಮ ಇಲ್ಲ” ಎಂದು ಬರೆದುಕೊಂಡೆ.

ನಾವೆಯನ್ನು ದಂಡೆಗೆ ಎಳೆಸಿ ಮಗುಚಿ ಹಾಕಿಸಿದೆ. ಒಂದೊಂದು ಸಂದಿಗೂ ದಬ್ಬಣ ಚುಚ್ಚಿ ನೋಡಿದೆ. ಎರಡು ಹಲಗೆ ಮೆತ್ತಗಾಗಿದ್ದವು, ಬದಲಾಯಿಸಲು ಹೇಳಿದೆ. ಕಾಕಾ ಐದು ದಿನ ಬಿಸಿಲಲ್ಲಿ ಕೂತು ಹಲಗೆ ಹಾಕಿ, ಸಂದಿಗಳಿಗೆ ಹತ್ತಿ ತುಂಬಿ, ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತಿದರು. ಅಚ್ಚುಕಟ್ಟಾದ ಕೆಲಸ, ಅದರಲ್ಲಿ ಕೊಂಕು ತೆಗೆಯಲು ನನಗೂ ಆಗಲಿಲ್ಲ.

ಆಮೇಲೆ ಭಾರದ ಪರೀಕ್ಷೆ. ಆಳಿಗೆ ಒಂದೂವರೆ ಮಣ ಹಿಡಿಯಬೇಕೆಂದು ಸುತ್ತೋಲೆಯಲ್ಲಿತ್ತು. ಖಾನಾಪುರ ಸ್ಟೇಶನ್ನಿನ ಮಾಲಿನ ತಕ್ಕಡಿಯಲ್ಲಿ ಇಪ್ಪತ್ತನಾಲ್ಕು ಚೀಲ ಮರಳು ತೂಗಿಸಿ, ಎರಡು ಚಕ್ಕಡಿಯಲ್ಲಿ ಹೇರಿಸಿಕೊಂಡು ತಂದೆ. ದಂಡೆಯ ಬಾಜೂಕ್ಕೆ ನಿಂತ ನೀರಿನಲ್ಲಿ ನಾವೆ ತೇಲಿಸಿ, ಚೀಲಗಳನ್ನು ಜನ ಕೂರುವಂತೆ ಸಾಲಾಗಿ ಇಡಿಸಿದೆ. ಇಪ್ಪತ್ತನಾಲ್ಕನೆಯ ಚೀಲ ಇಟ್ಟಾಗ ಗೆರೆಯ ಜಾಗಕ್ಕೂ ನೀರಿಗೂ ಒಂದು ಬಟ್ಟಿನ, ಎಂದರೆ ಒಂದು ಬೆರಳಗಲದ, ಅಂತರ ಉಳಿಯಿತು. ಲೆಕ್ಕ ಹಾಕಿದ್ದಕ್ಕೂ ಬಂದದ್ದಕ್ಕೂ ಕಾಲಿಂಚಿನ ಫರಕೂ ಇರಲಿಲ್ಲ. ಎರಡೂ ಮಗ್ಗುಲಿಗೆ ಎರಡು ಬಟ್ಟು ಅಗಲದ ಬಿಳಿ ಗೆರೆ ಎಳೆದೆ. “೨೪ ಜನ” ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಫಲಕ ಹಚ್ಚಿದೆ. ನೋಡಲು ನಲವತ್ತು ಐವತ್ತು ಜನ ನೆರೆದಿದ್ದರು. ಜನ ನೆರೆದರೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ನಾವೆಯ ಅಂಚಿನ ಮೇಲೆ ಕಾಲಿಟ್ಟು ಭಾಷಣ ಹೊಡೆದೆ.

“ಇದು ಸರಕಾರದ ಗೆರಿ. ಈ ಗೆರಿಗಿ ನೀರು ಮುಟ್ಟೂ ತನಕಾ ಯಾರೂ ಹೆದರಬ್ಯಾಡ್ರಿ. ನಾವಿ ಮುಳಗೂದಿಲ್ಲ.”

ಆ ಮಾತು ನಾನೇ ಆಡಿದೆ. ಯಾರೂ ನನ್ನ ಬಾಯಿಗೆ ತುರುಕಿರಲಿಲ್ಲ.

ಮಂದಿ ಚದುರಿದ ಮೇಲೆ ಕಾಕಾ ಬಂದು ಕೇಳಿದರು. “ಸಾಹೇಬ್ರ, ಈಗ ನೀರ ನಿಂತೈತಿ. ಮಳಿಗಾಲದಾಗ ಹೊಳಿ ಬಂದಾಗ ಹ್ಯಾಂಗ್ರಿ?”

“ಗೆರಿ ಅಂದ್ರ ಗೆರಿ. ಸರಕಾರದ ಅಳತಿಗೆ ಹಂಗಾಮ ಇರೂದಿಲ್ಲ. ನಿನಗ ಏನ ತಿಳೀತದ ಇದರಾಗ” ಎಂದು ಗದರಿದೆ. ಅವರು ತಲೆ ಆಡಿಸಿ ಗಳ ಎತ್ತಿಕೊಂಡು ಹೋದರು.

ಹಂಗಾಮಿನ ಮೊದಲ ಮಳೆ, ಮಿರ್ಗದ ಮಳೆ, ಹೊತ್ತಿಗೆ ಸರಿಯಾಗಿ ಹಿಡಿಯಿತು. ಹದಿನೈದು ದಿನ ಬಿಟ್ಟು ಎರಡನೆಯ ತಪಾಸಣೆಗೆ ಹೋದೆ. ಹೊಳೆ ಕೆಂಪಗೆ ತುಂಬಿ, ಘಾಟಿನ ಮೆಟ್ಟಿಲುಗಳಲ್ಲಿ ಮೂರು ಒಳಗೆ ಹೋಗಿದ್ದವು. ನಾನು ನಿಂತು ನೋಡುತ್ತಿರುವಾಗಲೇ ಕಾಕಾ ಹದಿನಾರು ಜನಕ್ಕೆ “ಸಾಕು” ಎಂದರು. ಯಾರೂ ನಿಲ್ಲಲಿಲ್ಲ. ಬೆಲ್ಲದ ಹೇರು ತಂದಿದ್ದ ವ್ಯಾಪಾರಿಯೊಬ್ಬ ದಂಡೆಯಿಂದ ಬಾಗಿ ನಾವೆಯ ಮಗ್ಗುಲು ನೋಡಿದ.

“ಏ ಕಾಕಾ, ಇನ್ನೂ ನಾಕ ಬಟ್ಟ ಐತಲ್ಲೋ! ಹತ್ತಿಸ್ಕೋ. ಸರಕಾರದ ಗೆರಿಗಿಂತ ನೀ ಶಾಣ್ಯಾ ಏನ?”

“ಹೊಳಿ ಜೋರ ಐತಪ್ಪಾ.”

“ಹೊಳಿ ಜೋರ ಇದ್ರ ಗೆರಿ ಮುಣಗತಿತ್ತು. ಗೆರಿ ಮ್ಯಾಲ ಐತಿ, ನೋಡ!”

ಕಾಕಾ ಎಲೆ ಅಡಿಕೆ ಚಾಚಿದರು. ವ್ಯಾಪಾರಿ ಆ ಕೈಯನ್ನು ಹಾಗೆಯೇ ಸರಿಸಿ ಹತ್ತಿದ. ಅವನ ಹಿಂದೆ ನಾಲ್ಕು ಜನ ಹತ್ತಿದರು. ಗುತ್ತಿಗೆದಾರನ ಮುನಷಿ ದಂಡೆಯಿಂದ “ಇಪ್ಪತ್ತನಾಕರ ಮಟಾ ಅಡ್ಡಿ ಇಲ್ಲ, ಹೋಗ್ರಿ ಹೋಗ್ರಿ” ಎಂದು ಎಲ್ಲರನ್ನೂ ದಬ್ಬುತ್ತಿದ್ದ. ನಾವೆ ಹೊರಟಿತು. ನಡುಹೊಳೆಯಲ್ಲಿ ಸೆಳವಿಗೆ ಸಿಕ್ಕು ಮುಂಭಾಗ ಅಡ್ಡಕ್ಕೆ ತಿರುಗಿತು. ಕಾಕಾ ಹೇಗೋ ನೆಟ್ಟಗೆ ತಿರುಗಿಸಿಕೊಂಡರು. ಆಚೆ ದಂಡೆ ಮುಟ್ಟುವಷ್ಟರಲ್ಲಿ ಒಳಗೆ ಒಂದು ಗೇಣು ನೀರು ತುಂಬಿತ್ತು.

ನನಗೆ ಆಗ ಅರ್ಥವಾಯಿತು. ನಿಂತ ನೀರಿನಲ್ಲಿ ಒಂಬತ್ತು ಇಂಚು ಅಂಚು ಸಾಕು. ತುಂಬಿದ ಹೊಳೆಯಲ್ಲಿ, ಅಡ್ಡ ಸೆಳವಿನಲ್ಲಿ ಅದು ಏನೇನೂ ಸಾಲದು. ಕಾಕಾನ “ಸಾಕು” ದಿನಕ್ಕೊಂದು ಥರ ಇರುತ್ತಿತ್ತು: ಇವತ್ತು ಇಪ್ಪತ್ತು, ನಾಳೆ ಹತ್ತು. ನನ್ನ ಗೆರೆ ಬೇಸಗೆಯಲ್ಲಿ ಎಲ್ಲಿತ್ತೋ ಮಳೆಗಾಲದಲ್ಲೂ ಅಲ್ಲೇ. ಹೆಚ್ಚು ಹತ್ತಿಸಬೇಡ ಎನ್ನುವುದಕ್ಕೆ ಎಳೆದ ಗೆರೆಯನ್ನು ಜನ ಅಲ್ಲಿಯವರೆಗೆ ಹತ್ತಿಸಲೇಬೇಕು ಎನ್ನುವುದಕ್ಕೆ ಇಟ್ಟುಕೊಂಡಿದ್ದರು. ಇಷ್ಟು ವರ್ಷ ಆ ಘಾಟನ್ನು ಕಾಯ್ದದ್ದು ಒಂದೇ ಒಂದು ಮಾತು. ಅದನ್ನು ನಾನು ಬಣ್ಣದ ಬ್ರಶ್ಶಿನಿಂದ ಒರೆಸಿ ಹಾಕಿದ್ದೆ.

ಮುಂದಿನ ಸರದಿಗೆ ನಿಂತವರ ಮೇಲೆ ಕೂಗಾಡಿದೆ. “ಕಾಕಾ ಸಾಕಂದ್ರ ಸಾಕು! ಗೆರಿ ನೋಡಬ್ಯಾಡ್ರಿ!”

“ಅವತ್ತ ನೀವ ಹೇಳಿದ್ರಲ್ರಿ, ಗೆರಿಗಿ ನೀರು ಮುಟ್ಟೂ ತನಕಾ ಹೆದರಬ್ಯಾಡ್ರಿ ಅಂತ” ಎಂದ ಒಬ್ಬ. ಅವನೇನೂ ಕುಹಕಕ್ಕೆ ಅಂದಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ.

ಕಾಕಾ ತಿರುಗಿ ಬಂದ ಮೇಲೆ, ಆ ಘಾಟಿನಲ್ಲಿ ಮೊದಲ ಸಲ, ನಾನು ಅವರನ್ನು ಮುಖಾಮುಖಿ ಕಾಕಾ ಎಂದು ಕರೆದೆ. “ಕಾಕಾ, ತಪ್ಪಾತು. ನಾ ಸರಿ ಮಾಡತೀನಿ.”

“ನನ್ನ ಕಾಲಿನ ಮಾತ ಈಗ ಯಾರೂ ಕೇಳೂದಿಲ್ರಿ” ಎಂದರು. “ಲಗೂನ ಏನರೆ ಮಾಡ್ರಿ. ಹೊಳಿ ಇನ್ನೂ ಏರತೈತಿ.”

ಬೆಳಗಾವಿಗೆ ಬಂದು ಆ ದಿನವೇ ವರದಿ ಬರೆದೆ. ಬಿಳಿ ಗೆರೆಯ ಮೂರು ಇಂಚು ಕೆಳಗೆ ಇನ್ನೊಂದು ಕೆಂಪು ಗೆರೆ ಬೇಕು. ಘಾಟಿನ ಮೂರನೆಯ ಮೆಟ್ಟಿಲು ಮುಳುಗಿದ ದಿನ ಕೆಂಪು ಗೆರೆಯೇ ಲೆಕ್ಕ. ಅದಕ್ಕೂ ಮೇಲೆ, ಅಂಬಿಗನು ಬೇಡವೆಂದರೆ ಯಾವ ಗೆರೆಯೂ ಲೆಕ್ಕಕ್ಕಿಲ್ಲ. ಎಂಜಿನಿಯರ್ ಸಾಹೇಬರು ಎರಡು ಸಲ ಓದಿದರು.

“ನೀವು ಬರದದ್ದು ಖರೇ ಅದ. ಆದ್ರ ಸುತ್ತೋಲಿಯೊಳಗ ಒಂದ ಗೆರಿ ಅಂತ ಅದ. ಎರಡನೇದಕ್ಕ ಮ್ಯಾಲಿನ ಮಂಜೂರಿ ಬೇಕು. ಅಂಬಿಗನ ಬಾಯಿಮಾತಿಗೆ ಕಾಯ್ದೆದಾಗ ಜಾಗಾನ ಇಲ್ಲ.”

“ಅಷ್ಟರಾಗ ನಾವಿ ಮುಳಗಿದ್ರ, ಸಾಹೇಬ್ರ?”

“ಹಂಗ ಅನಬ್ಯಾಡ್ರಿ” ಎಂದು ಕಡತಕ್ಕೆ ದಾರ ಕಟ್ಟಿದರು. ಕೆಟ್ಟ ಮನುಷ್ಯರಲ್ಲ. ಅವರ ಮುಖದಲ್ಲೂ ಕಳವಳ ಇತ್ತು.

ಕಡತ ಹೋಯಿತು. ದಿನಾ ಹೆಡ್ ಕ್ಲಾರ್ಕರ ಮೇಜಿನ ಮುಂದೆ ನಿಂತೆ. ಗುತ್ತಿಗೆದಾರನ ಅಭಿಪ್ರಾಯಕ್ಕೆ ಹೋಗಿದೆ ಎಂದರು. ನಡುಹಂಗಾಮಿನಲ್ಲಿ ಕರಾರು ಬದಲಿಸಕೂಡದೆಂದು ಅವನು ತಕರಾರು ಬರೆದ. ತಕರಾರಿಗೆ ಉತ್ತರ ಬರೆಯಬೇಕಾಯಿತು. ಉತ್ತರಕ್ಕೆ ಇಂಗ್ಲಿಷ್ ಪ್ರತಿ ಬೇಕಾಯಿತು. “ಕಾಗದ ನಡದೈತ್ರಿ, ಆದ್ರ ಓಡೂದಿಲ್ಲ ಅದು” ಎಂದರು ಹೆಡ್ ಕ್ಲಾರ್ಕರು, ಈ ಸಲ ನಗದೆ. ಹೊರಗೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತರೂ ಕಿವಿ ಸೂರಿನ ನೀರಿನ ಕಡೆಗೇ. ಹೆಂಡತಿ ಕೇಳಿದರೆ ಅವಳ ಮೇಲೆ ರೇಗುತ್ತಿದ್ದೆ.

ಮೂರನೆಯ ವಾರ ತಾಳ್ಮೆ ಹರಿಯಿತು. ಒಂದು ಡಬ್ಬಿ ಕೆಂಪು ಬಣ್ಣ ಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ರೈಲು ಹತ್ತಿದೆ. ಮಳೆ ತೆರಪು ಕೊಟ್ಟ ಒಂದು ಬೆಳಗು ನಾವೆಯ ಮಗ್ಗುಲು ಒರೆಸಿ ಒಣಗಿಸಿ ಕೆಂಪು ಗೆರೆ ಎಳೆದೆ. ಈ ಸಲ ಭಾಷಣ ಮಾಡಲಿಲ್ಲ. ಕೆಂಪಿಗೆ ನೀರು ಮುಟ್ಟಿದರೆ ಮುಂದೆ ಒಬ್ಬರನ್ನೂ ಹತ್ತಿಸಬಾರದು, ಅದಕ್ಕೂ ಮೊದಲೇ ಕಾಕಾ ಸಾಕೆಂದರೆ ಅಲ್ಲಿಗೇ ನಿಲ್ಲಬೇಕು, ಇದು ಸರಕಾರದ ಹುಕುಂ ಎಂದು ಮುನಷಿಗೆ ಹೇಳಿದೆ. ಹುಕುಂ ಯಾರೂ ಕೊಟ್ಟಿರಲಿಲ್ಲ.

ಅಲ್ಲೇ ಎರಡು ದಿನ ನಿಂತು ನೋಡಿದೆ. ಕೆಂಪು ಬಣ್ಣಕ್ಕೆ ಜನ ಹೆದರಿದರು. ಕಾಕಾನ “ಸಾಕು” ಮತ್ತೆ ನಡೆಯತೊಡಗಿತು. ಬಳೆಗಾರ್ತಿ ಎಲೆ ಬಾಯಿಗೆ ಹಾಕಿಕೊಂಡು, “ಶಾಬಾಸ್ ಸಾಬ್, ಅಂತೂ ಬುದ್ಧಿ ಬಂತು ನಿಮಗ” ಎಂದಳು. ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ತುಂಬ ಉಂಡೆ.

ಒಂಬತ್ತು ದಿನ ಆ ಕೆಂಪು ಗೆರೆ ಉಳಿಯಿತು. ಗುತ್ತಿಗೆದಾರ ಅರ್ಜಿ ಕೊಟ್ಟ. ನನಗೆ ಮೆಮೊ ಬಂತು: ಮಂಜೂರಿಯಿಲ್ಲದೆ ಸರಕಾರಿ ಗುರುತು ಹಾಕಿದ್ದೇಕೆ, ಎರಡು ದಿನದೊಳಗೆ ಖುದ್ದಾಗಿ ಹೋಗಿ ಅಳಿಸಿ ವರದಿ ಮಾಡತಕ್ಕದ್ದು. ಎಂಜಿನಿಯರ್ ಸಾಹೇಬರ ಮುಂದೆ ನಿಂತು ವಾದಿಸಿದೆ, ಕೊನೆಗೆ ಕೈ ಮುಗಿದೆ. “ಮಂಜೂರಿ ಬರ್ತದ. ಬಂದ ದಿನ ಮತ್ತ ಎಳೀರಿ. ಈಗ ಅಳಸ್ರಿ” ಎಂದರು.

ನಾನು ಅಳಿಸದಿದ್ದರೆ ಇನ್ನೊಬ್ಬ ಓವರ್‌ಸಿಯರ್ ಬಂದು ಅಳಿಸುತ್ತಾನೆ, ನಾನೇ ಹೋದರೆ ಜನರಿಗೆ ತಿಳಿಸಿ ಹೇಳಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಹೆದರಿದ್ದೆ. ನೌಕರಿಯ ಹೆದರಿಕೆ.

ನಾನು ಹೋದದ್ದು ಸಂತೆಯ ದಿನ. ಬೇರೆ ದಿನಕ್ಕೆ ಅವಕಾಶ ಇರಲಿಲ್ಲ. ಎರಡೂ ದಂಡೆಯಲ್ಲಿ ಜನ. ಕಾಕಾ ಮೊಣಕಾಲು ನೀರಿನಲ್ಲಿ ನಿಂತು ನಾವೆ ಅಲುಗದಂತೆ ಹಿಡಿದುಕೊಂಡರು. ನಾನು ಉಳಿಯಿಂದ ಕೆಂಪು ಬಣ್ಣ ಕೆರೆಯತೊಡಗಿದೆ. ಮಳೆಯ ತೇವಕ್ಕೆ ಬಣ್ಣ ಹಸಿಯಾಗಿಯೇ ಇತ್ತು, ಸಲೀಸಾಗಿ ಎದ್ದು ಬಂತು.

“ಕೆಂಪ ಗೆರಿ ರದ್ದಾತೇನ್ರಿ ಸಾಹೇಬ್ರ?” ಎಂದು ಯಾರೋ ಕೂಗಿದರು.

“ಗೆರಿ ರದ್ದಾಗೇತಿ. ಹೊಳಿ ರದ್ದಾಗಿಲ್ಲ! ಕಾಕಾ ಹೇಳಿದಂಗ ಕೇಳ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಜನರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ರದ್ದಾತು, ರದ್ದಾತು ಎಂದು ಸುದ್ದಿ ಮೆಟ್ಟಿಲು ಹತ್ತಿ ಹೋಯಿತು. ಮೊದಲಾದರೂ ಅರ್ಧ ಮಂದಿ ಅಳುಕುತ್ತಿದ್ದರು. ಈಗ ಎಚ್ಚರಿಕೆಯನ್ನೇ ಸರಕಾರ ತೆಗೆದುಹಾಕಿದಂತಾಯಿತು, ಅದೂ ನನ್ನ ಕೈಯಿಂದ, ಎಲ್ಲರ ಕಣ್ಣೆದುರು. ನನ್ನ ಅಂಗಿಯ ತೋಳಿಗೆ ಬಣ್ಣ ಹತ್ತಿತ್ತು, ಕಾಕಾ ಅದನ್ನು ತೋರಿಸಿ, “ಎಣ್ಣಿ ಹಚ್ಚಿ ತಿಕ್ರಿ, ಹೋಗತೈತಿ” ಎಂದರು.

ಎಂಟನೆಯ ದಿನ ತಂತಿ ಬಂತು. ನಾವೆ ಮಗುಚಿದೆ, ಕೂಡಲೆ ಹೊರಟು ಬರುವುದು.

ಖಾನಾಪುರದಲ್ಲಿ ಇಳಿದು, ಚಕ್ಕಡಿ ಸಿಗದೆ, ನಾಲ್ಕು ಮೈಲಿ ಕೆಸರಿನಲ್ಲಿ ನಡೆದೇ ಹೋದೆ. ಇಪ್ಪತ್ತೆರಡು ಜನ ಹತ್ತಿದ್ದರು. ಫಲಕಕ್ಕಿಂತ ಇಬ್ಬರು ಕಡಿಮೆ. ನಡುಹೊಳೆಯಲ್ಲಿ ನಾವೆ ಸೆಳವಿಗೆ ಅಡ್ಡ ತಿರುಗಿತ್ತು, ಭಾರಕ್ಕೆ ಮತ್ತೆ ತಿರುಗಿಸಿಕೊಳ್ಳಲಾಗದೆ ಅಂಚಿನ ಮೇಲಿಂದ ನೀರು ನುಗ್ಗಿತ್ತು. ಸೋರೆಬುರುಡೆ ಹಿಡಿದು ಆರು ಜನ ದಂಡೆ ಸೇರಿದರು. ಐದು ಜನರನ್ನು ಕಾಕಾ ಒಬ್ಬರೇ ಈಜಿ ಎಳೆದು ತಂದರು. ಏಳು ಜನ ತಾವೇ ಈಜಿ ಬಂದರು. ನಾಲ್ಕು ಜನ ಹೋದರು: ಆಚೆ ಊರಿನ ಸಾಲಿ ಮಾಸ್ತರರು, ಕಟ್ಟಿಗೆ ಮಾರುವ ಮುದುಕ, ತವರಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು, ಅವಳ ಸೊಂಟದ ಮೇಲಿದ್ದ ಎರಡು ವರ್ಷದ ಕೂಸು. ಕೂಸನ್ನು ಸೀರೆಯಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದಳಂತೆ, ಬೀಳಬಾರದೆಂದು. ನಾನು ದಂಡೆಯ ಕಲ್ಲಿನ ಮೇಲೆ ಕೂತು ಅತ್ತೆ. ಯಾರೂ ಬಂದು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ವಿಚಾರಣೆಗೆ ಮೊದಲು ನನಗೆ ಒಂದು ಕೆಲಸ ಕೊಟ್ಟರು. ಕೆಳಗೆ ಅರ್ಧ ಮೈಲಿಯಲ್ಲಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿದ್ದ ನಾವೆಯನ್ನು ಎಳೆಸಿ ತಂದು, ಮತ್ತೆ ಅದೇ ಮರಳಿನ ಚೀಲ ಹೇರಿ, ಗೆರೆ ಸರಿಯಿತ್ತೇ ನೋಡತಕ್ಕದ್ದು. ಗೆರೆ ತಪ್ಪಿರಲಿ ದೇವರೇ ಎಂದುಕೊಂಡೇ ಟೇಪು ಹಿಡಿದೆ. ತಪ್ಪಿದ್ದರೆ ತಪ್ಪು ನನ್ನೊಬ್ಬನದು ಆಗುತ್ತಿತ್ತು. ಕಾಲಿಂಚಿನ ಫರಕೂ ಇರಲಿಲ್ಲ.

“ನೀವು ಪಾರಾದ್ರಿ” ಎಂದರು ಎಂಜಿನಿಯರ್ ಸಾಹೇಬರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. “ಗೆರಿ ಬರೋಬರಿ, ಸಾಮಾನ ಬರೋಬರಿ, ಮಂದಿ ಫಲಕದ ಒಳಗ. ಇನ್ನ ಉಳಿಯೂದು ಅಂಬಿಗನ ತಪ್ಪು ಒಂದ.”

“ಅವರದು ಏನ ತಪ್ಪ್ರಿ!”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಒಂದ ದಾರಿ ಅದ. ಅಂಬಿಗ ಸಾಕಂದಿದ್ದ, ಮುನಷಿ ದಬ್ಬಿ ಹತ್ತಿಸಿದ, ಅಂತ ಅವನ ಜಬಾನಿಯೊಳಗ ಬಂದ್ರ ತಪ್ಪು ಗುತ್ತಿಗೆದಾರನ ಕಡೆ ಹೋಗ್ತದ. ನಿಮ್ಮ ಕೆಂಪ ಗೆರಿ ಮಂಜೂರಿಗೂ ಬಲ ಬರ್ತದ. ಅಷ್ಟು ಒಂದ ಮಾತು ಸಾಕು.”

ನಾನು ಓಡಿದೆ ಎಂದೇ ಹೇಳಬೇಕು. ಆ ದಿನ ಘಾಟಿನಲ್ಲಿದ್ದ ಬಳೆಗಾರ್ತಿಯನ್ನು ಮೊದಲು ಹಿಡಿದೆ. ಅವಳು ನಾವೆ ಹತ್ತಿ, ಹೊರಡುವ ಮುಂಚೆ ಇಳಿದುಬಿಟ್ಟಿದ್ದಳು.

“ಯಾಕ ಇಳದಿ, ಆಪಾ?”

“ಅವನ ಮಾರಿ ನೋಡಿದೆ ಸಾಬ್. ಇಳದೆ.”

“ಸಾಕು ಅಂದ್ರಲ್ಲಾ ಕಾಕಾ?”

ಅವಳು ಬುಟ್ಟಿಯ ಬಳೆ ಸರಿಮಾಡುತ್ತ ಕೂತಳು. “ಗದ್ದಲ ಇತ್ತು. ನಾ ಏನ ಕೇಳಲಿಲ್ಲ. ಅವನ್ನ ಕೇಳ್ರಿ.”

ಅದೇ ಸಂಜೆ ಕಾಕಾನ ಗುಡಿಸಲಿಗೆ ಹೋದೆ. ಹುಟ್ಟು ಗಳ ಎಲ್ಲ ಗೋಡೆಗೆ ಆನಿಸಿದ್ದವು. ಮನೆಯವರು ಬೆಲ್ಲ ನೀರು ಕೊಟ್ಟರು. ನಾಳೆ ಏನು ಕೇಳುತ್ತಾರೆ, ಏನು ಹೇಳಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದೆ. “ಕಾಕಾ, ‘ಸಾಕಂದಿದ್ದೆ, ಕೇಳಲಿಲ್ಲ’ ಅನ್ರಿ. ಅಷ್ಟ ಅನ್ರಿ. ನಿಮ್ಮ ನಾವಿ ಉಳೀತದ. ಮುಂದ ಹೋಗೂ ಮಂದಿ ಜೀವಾ ಉಳೀತದ.”

ಅವರು ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. “ನೋಡೂಣ್ರಿ” ಎಂದರು. ನಾನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡು ಹೊರಟೆ.

ವಿಚಾರಣೆ ಖಾನಾಪುರದ ಸರಕಾರಿ ಬಂಗಲೆಯ ಪಡಸಾಲೆಯಲ್ಲಿ ನಡೆಯಿತು. ವಿಚಾರಣೆಯ ಅಧಿಕಾರಿಗೆ ಒಂದು ಕುರ್ಚಿ, ಗುಮಾಸ್ತನಿಗೆ ಒಂದು ಮೇಜು, ನಾವು ಬಾಕಿ ಮಂದಿ ನಿಂತಿದ್ದೆವು. ಅಧಿಕಾರಿ ಬಳೆಗಾರ್ತಿಗೆ ಒಂದೇ ಪ್ರಶ್ನೆ ಕೇಳಿದರು: ಬಿಳಿ ಗೆರೆ ನೀರಿನೊಳಗೆ ಹೋಗಿತ್ತೇ? ಇಲ್ಲ ಎಂದಳು. ಇನ್ನೇನೋ ಹೇಳಲು ಬಾಯಿ ತೆರೆದಳು. ಹೋಗು ಎಂದರು. ಮುನಷಿ ಬಂದ, ಇಪ್ಪತ್ತೆರಡು ಎಣಿಸಿದ್ದ, ಹೋದ. ಕೆಂಪು ಗೆರೆಯ ವಿಷಯ ನಾನು ಎತ್ತಿದಾಗ, ಅದಕ್ಕೆ ಮಂಜೂರಿ ಇರಲಿಲ್ಲವಾದ್ದರಿಂದ ಇಲ್ಲಿ ಸಂಬಂಧವಿಲ್ಲ ಎಂದರು.

ಆಮೇಲೆ ಕಾಕಾ. ಒಗೆದ ಅಂಗಿ, ತಲೆಗೆ ಪಟಗ. ನಾನು ಎರಡು ಹೆಜ್ಜೆ ಮುಂದೆ ಬಂದು, ನನ್ನನ್ನು ನೋಡುವಂಥ ಜಾಗದಲ್ಲಿ ನಿಂತೆ.

“ಜನ ಹತ್ತುವಾಗ ನೀನು ಸಾಕು ಎಂದಿದ್ದೆಯಾ?” ಎಂದು ಅಧಿಕಾರಿ ಕೇಳಿದರು.

ಕಾಕಾ ನನ್ನ ಕಡೆ ನೋಡಿದರು. ನಾನು ಸಣ್ಣಗೆ ತಲೆ ಆಡಿಸಿದೆ.

“ಇಲ್ರಿ” ಎಂದರು. “ಅಂದಿದ್ದಿಲ್ಲ. ಆ ಕೆಂಪ ಗೆರಿ ಕೆರದ್ರಲ್ರಿ, ಅವತ್ತಿನಿಂದ ಅನ್ನೂದು ಬಿಟ್ಟೆ. ಕೇಳೂ ಮಂದಿ ಇಲ್ಲ, ಎಷ್ಟ ದಿನಾ ಅನ್ನೂದ್ರಿ. ಅವತ್ತ ಎಂಟನೇ ಮನಿಷ್ಯಾ ಹತ್ತಿದಾಗನ ನನ್ನ ಕಾಲಿಗಿ ತಿಳಿದಿತ್ತು. ಅಂದಿದ್ರ ಆ ಕೂಸಿನ ತಾಯಿ ಇಳೀತಿದ್ಲೇನೋ. ನಾ ಅನಲಿಲ್ಲ.”

ಗುಮಾಸ್ತ “ಇಲ್ಲ” ಎಂದು ಬರೆದುಕೊಂಡು ಲೇಖನಿ ಎತ್ತಿದ. ಅಧಿಕಾರಿ ಮುಂದಿನ ಪ್ರಶ್ನೆಗೆ ಹೋದರು.

“ಸಾಹೇಬ್ರ, ಅವರ ಪೂರಾ ಮಾತು ಬರಕೋಬೇಕ್ರಿ” ಎಂದೆ. “ಕೇಳಿದ್ದಕ್ಕೆ ಉತ್ತರ ಬಂದಿದೆ” ಎಂದರು ಅಧಿಕಾರಿ, ಸಿಟ್ಟಿಲ್ಲದೆಯೇ. ಮತ್ತೆ ಹೇಳಿದೆ. ಎಂಜಿನಿಯರ್ ಸಾಹೇಬರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನಾವೆ ನಡೆಸುವುದರಲ್ಲಿ ಅಂಬಿಗನ ನಿಷ್ಕಾಳಜಿ. ಇನ್ನು ಮುಂದೆ ಜಿಲ್ಲೆಯ ಯಾವ ಘಾಟಿನಲ್ಲೂ ಅವನು ನಾವೆ ಹಿಡಿಯಕೂಡದು. ಗುಮಾಸ್ತ ಕಾಕಾನ ಹೇಳಿಕೆ ಬರೆದ ಜಬಾನಿಯ ಕಾಗದ ತಿರುಗಿಸಿ ಮೇಜಿನ ಅಂಚಿಗೆ ಇಟ್ಟು, ಮಸಿಯ ಪಟ್ಟಿ ಮುಂದಕ್ಕೆ ತಳ್ಳಿದ. ಕಾಕಾ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಮಸಿಗೆ ಅದ್ದಿ, ಕಾಗದದ ಮೇಲೆ ಕೈ ಹಿಡಿದು ನಿಂತರು.

“ಎಲ್ಲಿ ಒತ್ಲಿರಿ, ಸಾಹೇಬ್ರ?” ಎಂದು ನನ್ನನ್ನೇ ಕೇಳಿದರು.

ನಾನು ಬೆರಳಿಟ್ಟು ಜಾಗ ತೋರಿಸಿದೆ. ಅವರು ಒತ್ತಿದರು. ಈ ಹೆಬ್ಬೆಟ್ಟು ಅವರದೇ ಎಂದು ಅದರ ಬಾಜೂಕ್ಕೆ ಸಹಿ ಹಾಕಲು ಗುಮಾಸ್ತ ಲೇಖನಿಯನ್ನು ನನ್ನ ಕೈಗೆ ಕೊಟ್ಟ. ಹಾಕಿದೆ.